ಟವರ್ ಸಿಗದ ತೋಟಕ್ಕೊಂದು ಆ್ಯಪ್

ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಕಳಿಸಿದ ಕೂಡಲೇ ಅದರ ಪಕ್ಕದಲ್ಲಿ ಪುಟ್ಟದೊಂದು ಗಡಿಯಾರದ ಗುರುತು ಮೂಡುತ್ತದೆ. ಬೆಂಗಳೂರಿನಲ್ಲಿ ಅದು ಕಣ್ಣಿಗೆ ಬೀಳುವ ಮೊದಲೇ ಮಾಯವಾಗಿರುತ್ತದೆ. ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯಲ್ಲೋ ಬೇಗಾರಿನ ಆಚೆಯ ತೋಟದಲ್ಲೋ ಅದೇ ಗಡಿಯಾರ ಗಂಟೆಗಟ್ಟಲೆ ಕೂತಿರುತ್ತದೆ. ಕಳಿಸಿದವರು ಫೋನನ್ನು ಜೇಬಿಗೆ ಹಾಕಿಕೊಂಡು ತಮ್ಮ ಪಾಡಿಗೆ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಪೇಟೆಗೆ ಹೊರಟಾಗ ಗುಡ್ಡದ ತಿರುವಿನಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕರೆ ಸಾಕು, ಬೆಳಿಗ್ಗೆ ಬರೆದ ಸಂದೇಶ ತಾನಾಗಿ ಹೊರಟುಹೋಗುತ್ತದೆ. ಮತ್ತೆ ಬರೆಯಬೇಕಿಲ್ಲ, ಮತ್ತೆ ಒತ್ತಬೇಕಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನರಿಗಾಗಿ ಆ್ಯಪ್ ಅಥವಾ ಜಾಲತಾಣ ಕಟ್ಟುವವರು ಮೊದಲು ನೋಡಿ ಕಲಿಯಬೇಕಾದದ್ದು ಈ ಗಡಿಯಾರವನ್ನೇ. ನೆಟ್‌ವರ್ಕ್ ಇಲ್ಲ ಅನ್ನುವುದು ಅದಕ್ಕೆ ತಪ್ಪೂ ಅಲ್ಲ, ಅಪವಾದವೂ ಅಲ್ಲ. ದಿನದ ಒಂದು ಸ್ಥಿತಿ, ಅಷ್ಟೆ. ಆದರೆ ನಮ್ಮ ಕೈಗೆ ಬರುವ ಬಹುಪಾಲು ಆ್ಯಪ್‌ಗಳು ತದ್ವಿರುದ್ಧ ನಂಬಿಕೆಯ ಮೇಲೆ ನಿಂತಿವೆ. ಸಂಪರ್ಕ ಸದಾ ಇರುತ್ತದೆ, ಒಮ್ಮೊಮ್ಮೆ ಮಾತ್ರ ತಪ್ಪುತ್ತದೆ ಎಂದು ಅವನ್ನು ಬರೆದವರು ಎಣಿಸಿರುತ್ತಾರೆ. ತೆರೆದ ಕೂಡಲೇ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ಕೊನೆಗೆ ‘ಸಂಪರ್ಕ ಪರಿಶೀಲಿಸಿ’ ಎಂಬ ಸಾಲು ಬರುತ್ತದೆ. ಅಷ್ಟರಲ್ಲಿ ತುಂಬಿದ ಅರ್ಜಿಯೂ ಅಳಿಸಿಹೋಗಿರುತ್ತದೆ. ಇದನ್ನು ಮಲೆನಾಡಿನ ಹಣೆಬರಹ ಎಂದು ಒಪ್ಪಿಕೊಳ್ಳಬೇಕಾಗಿಲ್ಲ. ಇದು ಕಟ್ಟುವವರ ಆಯ್ಕೆ. ಬೇರೆ ರೀತಿ ಕಟ್ಟುವ ದಾರಿ ಇದೆ, ಅದಕ್ಕೆ ಬೇಕಾದ ಉಪಕರಣಗಳೂ ಇವೆ.

ಈ ಮೂರು ತಾಲ್ಲೂಕುಗಳಲ್ಲಿ ಫೋನು ಎಷ್ಟು ಗಂಭೀರವಾದ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂಬುದನ್ನು ನೋಡಿದರೆ ವಿಷಯದ ತೂಕ ತಿಳಿಯುತ್ತದೆ. 2017ರಿಂದ ರಾಜ್ಯದ ಬೆಳೆ ಸಮೀಕ್ಷೆ ಮೊಬೈಲ್ ಆ್ಯಪ್ ಮೂಲಕ ನಡೆಯುತ್ತಿದೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಜಮೀನಿನ ಬೆಳೆಯನ್ನು ದಾಖಲಿಸುವ ಆ್ಯಪ್ ಬಂತು. ಸರ್ವೆ ನಂಬರ್ ಆರಿಸಿ, ಜಮೀನಿನೊಳಗೆ ನಿಂತು, ಬೆಳೆ ನಮೂದಿಸಿ, ಚಿತ್ರ ತೆಗೆದು ಕಳಿಸುವುದು. ಪಹಣಿಯ ಬೆಳೆ ಕಾಲಂ, ಪರಿಹಾರ, ಬೆಂಬಲ ಬೆಲೆಯ ಖರೀದಿ, ವಿಮೆ ಎಲ್ಲಕ್ಕೂ ಆ ದಾಖಲೆಯೇ ಆಧಾರ. ಅಡಿಕೆಗೂ ಕಾಳುಮೆಣಸಿಗೂ ಇಲ್ಲಿ ಇರುವುದು ಹವಾಮಾನ ಆಧಾರಿತ ವಿಮೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಕಳಿಸುವ ಲೆಕ್ಕ ಅದಕ್ಕೆ ಅಳತೆಗೋಲು. ಅರ್ಜಿಯಿಂದ ಪಾವತಿಯವರೆಗಿನ ವಿವರ 2016ರಲ್ಲಿ ಶುರುವಾದ ‘ಸಂರಕ್ಷಣೆ’ ಜಾಲತಾಣದಲ್ಲಿ. ಮಳೆಮಾಪಕ, ಸರ್ವರ್, ಫೋನು, ಬ್ಯಾಂಕ್ ಖಾತೆ: ಈ ಸರಪಳಿಯಲ್ಲಿ ತೋಟದಲ್ಲಿ ನಿಂತ ಮನುಷ್ಯನ ಕೈಯಲ್ಲಿರುವ ಕೊಂಡಿ ಫೋನು ಮಾತ್ರ. ಅದು ಕೈಕೊಟ್ಟರೆ ನಷ್ಟ ಅವನದು.

ಹಾಗಾದರೆ ಟವರ್ ಇಲ್ಲದ ಕಡೆ ಕೆಲಸ ಮಾಡುವ ಆ್ಯಪ್ ಒಳಗೆ ಏನಿರುತ್ತದೆ? ಮೊದಲನೆಯದಾಗಿ ಫೋನಿನೊಳಗೇ ಒಂದು ದತ್ತಾಂಶ ಕೋಶ. ರೈತ ನಮೂದಿಸಿದ್ದು, ತೆಗೆದ ಚಿತ್ರ ಎಲ್ಲವೂ ಮೊದಲು ಅಲ್ಲಿ ಭದ್ರವಾಗಿ ಕೂರುತ್ತವೆ. ಸರ್ವರ್‌ಗೆ ಹೋಗುವುದು ಎರಡನೆಯ ಹೆಜ್ಜೆ. ನಂತರ ಒಂದು ಸರತಿ ಸಾಲು. ಸಿಗ್ನಲ್ ಸಿಕ್ಕಾಗ ಸಾಲಿನ ಮೊದಲಿಂದ ಒಂದೊಂದೇ ಹೊರಡುತ್ತದೆ. ಅರ್ಧ ಹೋಗುವಾಗ ಸಂಪರ್ಕ ಕಡಿದರೆ ಮತ್ತೆ ಅಲ್ಲಿಂದಲೇ ಪ್ರಯತ್ನ. ಇಲ್ಲೊಂದು ಸೂಕ್ಷ್ಮವಿದೆ. ಸರ್ವರ್‌ಗೆ ದಾಖಲೆ ತಲುಪಿದೆ, ಆದರೆ ‘ತಲುಪಿತು’ ಎಂಬ ಉತ್ತರ ಫೋನಿಗೆ ಬರುವ ಮೊದಲೇ ಸಿಗ್ನಲ್ ಹೋಯಿತು ಅನ್ನೋಣ. ಫೋನು ಅದನ್ನೇ ಮತ್ತೆ ಕಳಿಸುತ್ತದೆ. ಒಂದೇ ತೋಟ ಎರಡು ಬಾರಿ ದಾಖಲಾಗುತ್ತದೆ, ಎರಡೂ ತಿರಸ್ಕಾರಕ್ಕೆ ಗುರಿಯಾಗಬಹುದು. ಇದನ್ನು ತಪ್ಪಿಸಲು ಪ್ರತಿ ದಾಖಲೆಗೂ ಫೋನಿನಲ್ಲೇ, ಹುಟ್ಟುವಾಗಲೇ, ಬೇರೆ ಯಾವುದಕ್ಕೂ ಇರದ ಒಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಸುಮ್ಮನೆ ‘ಬಂದಿದೆ’ ಎನ್ನುತ್ತದೆ. ಹೆಚ್ಚೆಂದರೆ ಹತ್ತಿಪ್ಪತ್ತು ಸಾಲಿನ ಕೋಡ್. ಇದನ್ನು ಬರೆಯದೆ ಬಿಟ್ಟರೆ ಎಷ್ಟೋ ಜನ ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ.

ಕೊನೆಯ ದಿನಾಂಕದ ಪ್ರಶ್ನೆ ಇನ್ನೂ ದೊಡ್ಡದು. ರೈತ ಗಡುವಿನೊಳಗೆ ಚಿತ್ರ ತೆಗೆದಿದ್ದಾನೆ, ಆದರೆ ನಾಲ್ಕು ದಿನ ಕರೆಂಟಿಲ್ಲದೆ ಟವರ್ ಸತ್ತು, ಕಳಿಸುವಾಗ ಗಡುವು ದಾಟಿದೆ. ಯಾವ ಸಮಯ ಲೆಕ್ಕಕ್ಕೆ? ತೆಗೆದ ಸಮಯವೇ ಲೆಕ್ಕವಾಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಫೋನಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬಹುದಲ್ಲ ಎಂಬ ಆಕ್ಷೇಪ ಬರುತ್ತದೆ, ನ್ಯಾಯವೇ. ಅದಕ್ಕೂ ಉತ್ತರ ಇದೆ. ಜಿಪಿಎಸ್ ಉಪಗ್ರಹಗಳು ಸ್ಥಳ ಮಾತ್ರವಲ್ಲ, ಸಮಯವನ್ನೂ ಕೊಡುತ್ತವೆ. ಸ್ಥಳ ಲೆಕ್ಕ ಹಾಕುವುದೇ ಆ ಸಮಯದಿಂದ. ಆ್ಯಪ್ ಉಪಗ್ರಹದ ಸಮಯವನ್ನೇ ಚಿತ್ರದ ಜೊತೆ ಬರೆದಿಟ್ಟರೆ ಫೋನಿನ ಗಡಿಯಾರದ ಹಂಗು ಬಹುಮಟ್ಟಿಗೆ ತಪ್ಪುತ್ತದೆ.

ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಬೇಡ. ಆದರೆ ನೆಟ್‌ವರ್ಕ್ ಇಲ್ಲದಿದ್ದರೆ ಮೊದಲ ಬಾರಿ ಸ್ಥಳ ಹಿಡಿಯುವುದು ನಿಧಾನ. ಉಪಗ್ರಹಗಳು ತಾವು ಎಲ್ಲಿದ್ದೇವೆ ಎಂಬ ವಿವರವನ್ನು ಸೆಕೆಂಡಿಗೆ ಕೇವಲ 50 ಬಿಟ್ ವೇಗದಲ್ಲಿ ಹೇಳುತ್ತಿರುತ್ತವೆ. ಪೇಟೆಯಲ್ಲಿ ಅದೇ ವಿವರ ಇಂಟರ್ನೆಟ್‌ನಿಂದ ಕ್ಷಣದಲ್ಲಿ ಬರುತ್ತದೆ, ತೋಟದಲ್ಲಿ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ಅರ್ಧ ನಿಮಿಷದಿಂದ ಹಲವು ನಿಮಿಷ ಹಿಡಿಯಬಹುದು. ಬಯಲಿನಲ್ಲಿ ಫೋನು ಸುಮಾರು ಐದು ಮೀಟರ್ ಒಳಗೆ ಸ್ಥಳ ಹೇಳುತ್ತದೆ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ಒದ್ದೆ ಸೋಗೆಗಳ ಅಡಿಯಲ್ಲಿ ಆ ಖಾತರಿ ಇಲ್ಲ. ತೋಟಗಳು ಸಣ್ಣವು, ಗಡಿಗಳು ಅಂಕುಡೊಂಕು, ಹಾಗಾಗಿ ನಿಂತ ಜಾಗ ಪಕ್ಕದ ಸರ್ವೆ ನಂಬರಿನದೆಂದು ತೋರಿಸುವುದು ಅಸಹಜವಲ್ಲ. ನಿಂತಲ್ಲಿನ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಆ್ಯಪ್ ಬಳಸಿದವರಿಗೆ ಈ ಜಾರಾಟ ಗೊತ್ತು. ಒಳ್ಳೆಯ ಆ್ಯಪ್ ಮಾಡಬೇಕಾದದ್ದು: ‘ಈಗ ಇಷ್ಟು ಮೀಟರ್ ವ್ಯತ್ಯಾಸ ಇರಬಹುದು, ಸ್ವಲ್ಪ ನಿಲ್ಲಿ, ಬೆಳಕು ಬೀಳುವ ಕಡೆ ಬನ್ನಿ’ ಎಂದು ಕನ್ನಡದಲ್ಲಿ ಹೇಳುವುದು. ‘ನೀವು ಜಮೀನಿನ ಹೊರಗಿದ್ದೀರಿ’ ಎಂದು ಬಾಗಿಲು ಹಾಕುವುದಲ್ಲ.

ಮಳೆಗಾಲದ ಇನ್ನೊಂದು ಸಂಗತಿ ಬೆರಳು. ಫೋನಿನ ಪರದೆ ಬೆರಳಿನ ಒತ್ತಡವನ್ನಲ್ಲ, ವಿದ್ಯುತ್ ಗುಣವನ್ನು ಗ್ರಹಿಸುತ್ತದೆ. ನೀರಿನ ಹನಿಯೂ ಅದಕ್ಕೆ ಬೆರಳಿನಂತೆಯೇ ತೋರುತ್ತದೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಕಂಬಳಿಕೊಪ್ಪೆಯ ಅಡಿಯಿಂದ ಕೈ ಹೊರಹಾಕಿ ಪುಟ್ಟ ಪುಟ್ಟ ಪೆಟ್ಟಿಗೆಗಳಲ್ಲಿ ಅಕ್ಷರ ಒತ್ತುವುದು ಆಗದ ಮಾತು. ಆಂಡ್ರಾಯ್ಡ್‌ನ ಮಾರ್ಗಸೂಚಿ ಒಂದು ಗುಂಡಿ ಕನಿಷ್ಠ 9 ಮಿಲಿಮೀಟರ್‌ನಷ್ಟಾದರೂ ಇರಲಿ ಎನ್ನುತ್ತದೆ. ಇಲ್ಲಿಗೆ ಅದರ ಎರಡರಷ್ಟು ಇದ್ದರೆ ಒಳ್ಳೆಯದು. ಬರೆಸುವ ಬದಲು ಆರಿಸಲು ಬಿಡಬೇಕು. ಆರಿಸುವ ಪಟ್ಟಿಯಲ್ಲೂ ಇಲ್ಲಿನ ತೋಟ ಹೇಗಿದೆಯೋ ಹಾಗೆಯೇ ಇರಬೇಕು: ಒಂದೇ ಸರ್ವೆ ನಂಬರಿನಲ್ಲಿ ಅಡಿಕೆ, ಅದಕ್ಕೆ ಹಬ್ಬಿದ ಮೆಣಸು, ನಡುವೆ ಬಾಳೆ, ನೆರಳಲ್ಲಿ ಏಲಕ್ಕಿ, ಅಂಚಿಗೆ ಕಾಫಿ. ಒಂದು ಜಮೀನಿಗೆ ಒಂದೇ ಬೆಳೆ ಎಂದುಕೊಂಡು ಮಾಡಿದ ನಮೂನೆ ಬಯಲುಸೀಮೆಯ ತೊಗರಿ ಹೊಲಕ್ಕೆ ಸರಿ, ಇಲ್ಲಿ ಮೊದಲ ಪುಟದಲ್ಲೇ ಸುಳ್ಳು ಬರೆಸುತ್ತದೆ.

ಆ್ಯಪ್ ಬೇಕೋ ಜಾಲತಾಣ ಸಾಕೋ ಎಂಬ ಪ್ರಶ್ನೆಗೆ ಬರೋಣ. 2007ರಲ್ಲಿ ಐಫೋನ್, 2008ರಲ್ಲಿ ಆಪಲ್‌ನ ಆ್ಯಪ್ ಅಂಗಡಿ ಮತ್ತು ಆಂಡ್ರಾಯ್ಡ್ ಮಾರ್ಕೆಟ್ ಬಂದ ಮೇಲೆ ಪ್ರತಿಯೊಂದಕ್ಕೂ ಆ್ಯಪ್ ಎಂಬ ರೂಢಿ ಬೆಳೆಯಿತು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರ ಒಂದೇ ಜಾಲಪುಟ ಫೋನು, ಟ್ಯಾಬ್ಲೆಟ್, ಕಂಪ್ಯೂಟರ್ ಮೂರರ ಪರದೆಗೂ ತಾನೇ ಹೊಂದಿಕೊಳ್ಳುವ ವಿಧಾನವನ್ನು ಬರೆದು ತೋರಿಸಿದ. 2015ರ ಹೊತ್ತಿಗೆ ಇನ್ನೊಂದು ಹೆಜ್ಜೆ: ಬ್ರೌಸರ್ ಒಳಗೇ ‘ಸರ್ವಿಸ್ ವರ್ಕರ್’ ಎಂಬ ಪುಟ್ಟ ತಂತ್ರಾಂಶ ಕೂತು, ಒಮ್ಮೆ ತೆರೆದ ತಾಣವನ್ನು ಫೋನಿನಲ್ಲೇ ಉಳಿಸಿಕೊಂಡು, ಮುಂದೆ ನೆಟ್‌ವರ್ಕ್ ಇಲ್ಲದಿದ್ದರೂ ತೆರೆದು ತೋರಿಸುತ್ತದೆ. ಆಪಲ್ ಫೋನುಗಳಿಗೆ ಈ ಅನುಕೂಲ 2018ರಲ್ಲಿ ಬಂತು. ಅಂಗಡಿಯಿಂದ ನಲವತ್ತು ಎಂಬಿ ಇಳಿಸಿಕೊಳ್ಳುವ ಗೋಜಿಲ್ಲ, ತುಂಬಿ ತುಳುಕುವ ಹಳೇ ಫೋನಿನಲ್ಲಿ ಜಾಗ ಹುಡುಕುವ ಕಷ್ಟವಿಲ್ಲ. 2021ರಲ್ಲಿ ಸರ್ಕಾರ ರಾಜ್ಯದ ಪದವಿ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಸುಮಾರು 1.55 ಲಕ್ಷ ಟ್ಯಾಬ್ಲೆಟ್ ಹಂಚಿತು. ಅಂಥ ಟ್ಯಾಬ್ಲೆಟ್‌ಗೂ ಮನೆಯ ಅಗ್ಗದ ಫೋನಿಗೂ ಒಂದೇ ತಾಣ ಸಾಕಾಗುತ್ತದೆ. ಈ ಮೂರು ತಾಲ್ಲೂಕುಗಳ ಹೆಚ್ಚಿನ ಅಗತ್ಯಗಳಿಗೆ ಇಂಥ ತಾಣವೇ ಸರಿಯಾದ ಆರಂಭ ಎಂಬುದು ನನ್ನ ಅಭಿಪ್ರಾಯ.

ಅಡಿಕೆ ಧಾರಣೆಯನ್ನೇ ತೆಗೆದುಕೊಳ್ಳಿ. ಸರಕು, ಬೆಟ್ಟೆ, ರಾಶಿ, ಗೊರಬಲು: ನಾಲ್ಕು ಬಗೆ, ಕನಿಷ್ಠ, ಗರಿಷ್ಠ, ಜೊತೆಗೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಶಿವಮೊಗ್ಗದ ಮಾರುಕಟ್ಟೆಗಳು. ಅಕ್ಷರರೂಪದಲ್ಲಿ ಇಟ್ಟರೆ ಇಡೀ ಪಟ್ಟಿ ಎರಡು ಕೆಬಿ ಆಗಬಹುದು. ಇಂದು ಜಗತ್ತಿನ ಸಾಮಾನ್ಯ ಜಾಲಪುಟದ ತೂಕ ಫೋನಿನಲ್ಲೂ ಎರಡು ಎಂಬಿಗಿಂತ ಹೆಚ್ಚು. ಸೆಕೆಂಡಿಗೆ ನೂರು ಕಿಲೋಬಿಟ್ ಮಾತ್ರ ಸಿಗುವ ಹಳೇ ಟವರಿನ ಅಂಚಿನಲ್ಲಿ ಅಂಥ ಪುಟ ಬರಲು ಮೂರು ನಿಮಿಷ ಬೇಕು, ಅದೂ ಮಧ್ಯೆ ಕಡಿಯದಿದ್ದರೆ. ಎರಡು ಕೆಬಿಯ ಪಟ್ಟಿ ರೆಪ್ಪೆ ಮಿಟುಕಿಸುವಷ್ಟರಲ್ಲಿ ಬರುತ್ತದೆ. ನಿನ್ನೆಯ ಪಟ್ಟಿಯನ್ನು ಉಳಿಸಿಟ್ಟು, ಅದರ ಮೇಲೆ ‘ನಿನ್ನೆ ಸಂಜೆ 5ರ ಧಾರಣೆ’ ಎಂದು ಸ್ಪಷ್ಟವಾಗಿ ಬರೆದು ತೋರಿಸಿದರೆ ಸಿಗ್ನಲ್ ಇಲ್ಲದವನೂ ಕತ್ತಲಲ್ಲಿರುವುದಿಲ್ಲ. ದಿನಾಂಕ ಹಾಕದ ಹಳೇ ಧಾರಣೆ ಮಾತ್ರ ಅಪಾಯ. ಅದನ್ನು ನಂಬಿ ಮಾಲು ಸಾಗಿಸಿದವನಿಗೆ ಆಗುವ ನಷ್ಟ ಸಣ್ಣದಲ್ಲ.

ಅಕ್ಷರವನ್ನು ಅಕ್ಷರವಾಗಿಯೇ ಇಡುವುದರ ಬೆಲೆ ಏನೆಂದು ನೋಡಲು ಶೃಂಗೇರಿಯಿಂದ ಹೊರಗೆ ಹೋಗಬೇಕಿಲ್ಲ. ಶಾರದಾ ಪೀಠದ ‘ಅದ್ವೈತ ಶಾರದಾ’ ತಾಣದಲ್ಲಿ ಶಂಕರರ ಭಾಷ್ಯಗಳು ಓದುವ, ಹುಡುಕುವ ಪಠ್ಯವಾಗಿ ಇವೆ. ಒಂದು ಪದ ಕೊಟ್ಟರೆ ಅದು ಬಂದ ಕಡೆಗಳನ್ನೆಲ್ಲ ತೋರಿಸುತ್ತದೆ. ಅದೇ ಗ್ರಂಥಗಳನ್ನು ಪುಟಪುಟವಾಗಿ ಚಿತ್ರ ತೆಗೆದು ಹಾಕಿದ್ದರೆ ಫೋನಿನಲ್ಲಿ ತೆರೆಯುವುದೇ ಸಾಹಸವಾಗುತ್ತಿತ್ತು. ಕನ್ನಡದಲ್ಲಿ ಇನ್ನೊಂದು ಉದಾಹರಣೆ ‘ಅಲರ್’. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಒಬ್ಬರೇ ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೈಲಾಶ್ ನಾಧ್ 2019ರಲ್ಲಿ ಮುಕ್ತವಾಗಿ ಜಾಲಕ್ಕೆ ತಂದರು. ಅಲಂಕಾರವಿಲ್ಲ, ಜಾಹೀರಾತಿಲ್ಲ, ಹಗುರ. ಇದಕ್ಕೆ ಹೋಲಿಸಿದರೆ, ಸುತ್ತೋಲೆಯನ್ನು ಮುದ್ರಿಸಿ, ಸಹಿ ಹಾಕಿ, ವಾರೆಯಾಗಿ ಸ್ಕ್ಯಾನ್ ಮಾಡಿ ತಾಣಕ್ಕೆ ಏರಿಸುವ ಪದ್ಧತಿ ಫೋನಿನ ಓದುಗನಿಗೆ ಮಾಡುವ ಅನ್ಯಾಯ ಎಂದೇ ಹೇಳಬೇಕು.

ಕನ್ನಡ ಫೋನಿನ ಪರದೆಗೆ ಬಂದದ್ದೂ ಸುಲಭವಾಗಿಯಲ್ಲ. ಪಕ್ಕದ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದು ದುಡಿದರು. ಹಾಸನದ ಯುವಕರೊಂದಿಗೆ, ಹಂಪಿ ಕನ್ನಡ ವಿಶ್ವವಿದ್ಯಾಲಯದೊಂದಿಗೆ ಸೇರಿ ‘ಕುವೆಂಪು ಕನ್ನಡ ತಂತ್ರಾಂಶ’ ರೂಪುಗೊಂಡಿತು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡಾಗ ಮೊದಲ ಐಫೋನ್ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಆಂಡ್ರಾಯ್ಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸಲು 2012ರ 4.1 ಆವೃತ್ತಿಯವರೆಗೆ ಕಾಯಬೇಕಾಯಿತು. ಆಪಲ್ ಫೋನಿಗೆ ಕನ್ನಡದ ಕೀಲಿಮಣೆ 2017ರಲ್ಲಿ ಸಿಕ್ಕಿತು. ಅದೇ ವರ್ಷ ಗೂಗಲ್‌ನ ಧ್ವನಿ ಬರವಣಿಗೆ ಕನ್ನಡವನ್ನು ಕಲಿತದ್ದು, ನನ್ನ ಮಟ್ಟಿಗೆ, ಹಳ್ಳಿಯ ಹಿರಿಯರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಬಾಗಿಲು.

ಆದರೂ ಕಟ್ಟುವವರು ಎಡವುವ ಜಾಗಗಳಿವೆ. ಕಂಪ್ಯೂಟರಿಗೆ ‘ಶೃಂಗೇರಿ’ ಮೂರು ಅಕ್ಷರವಲ್ಲ, ಏಳು ಸಂಕೇತ, ಇಪ್ಪತ್ತೊಂದು ಬೈಟ್. ಹೆಸರಿಗೆ ಇಪ್ಪತ್ತು ಬೈಟ್ ಜಾಗ ಎಂದು ಮಿತಿ ಹಾಕಿದ ಆ್ಯಪ್ ಊರಿನ ಹೆಸರನ್ನೇ ಕತ್ತರಿಸುತ್ತದೆ. ಎಸ್ಸೆಮ್ಮೆಸ್ ಕೂಡ ಹೀಗೆಯೇ: ಇಂಗ್ಲಿಷಿನಲ್ಲಿ ಒಂದಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಸಂಕೇತ. ‘ನೆಟ್‌ವರ್ಕ್’ ಎಂದು ಬರೆಯುವಾಗ ‘ಟ್’ ಮತ್ತು ‘ವ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಇಲ್ಲದಿದ್ದರೆ ವ ಕೆಳಗಿಳಿದು ಒತ್ತಾಗುತ್ತದೆ. ಹುಡುಕುವವನು ಅದನ್ನು ಒತ್ತದೆ ಬರೆದರೆ, ಎದುರಿಗೇ ಇರುವ ಪುಟ ಸಿಗುವುದಿಲ್ಲ. ಹುಡುಕಾಟಕ್ಕೆ ಮೊದಲು ಅಂಥ ಸಂಕೇತಗಳನ್ನು ತೆಗೆದುಹಾಕುವುದು ಆ್ಯಪ್‌ನ ಕೆಲಸ. ಹಾಗೆಯೇ ನರಸಿಂಹರಾಜಪುರ, ಎನ್.ಆರ್.ಪುರ, ಹಿರಿಯರ ಬಾಯಿಯ ಎಡೇಹಳ್ಳಿ ಮೂರೂ ಒಂದೇ ಊರು ಎಂದು ಅದಕ್ಕೆ ಹೇಳಿಕೊಟ್ಟಿರಬೇಕು.

ಕೆಲವೊಮ್ಮೆ ಒಳ್ಳೆಯ ಆ್ಯಪ್ ಅಂದರೆ ಆ್ಯಪ್ ಅಲ್ಲದ್ದು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಜ್ಞಾನ ಬೆಳೆಗಾರರಿಗೆ ಮುಟ್ಟಬೇಕೆಂದು ಕಾಫಿ ಮಂಡಳಿ 2018ರ ಜುಲೈನಲ್ಲಿ ಎರಡು ಸೇವೆ ತಂದಿತು. ಒಂದು, ಮಂಡಳಿಯ ಕ್ಷೇತ್ರ ಸಿಬ್ಬಂದಿ ತೋಟಗಳಿಗೆ ಹೋಗಿ ಬೆಳೆಗಾರರ, ತೋಟಗಳ ವಿವರ ದಾಖಲಿಸುವ ‘ಕಾಫಿ ಕನೆಕ್ಟ್’ ಆ್ಯಪ್. ಇನ್ನೊಂದು ‘ಕಾಫಿ ಕೃಷಿ ತರಂಗ’. ಅದರಲ್ಲಿ ಬೆಳೆಗಾರ ಏನೂ ಇಳಿಸಿಕೊಳ್ಳಬೇಕಿಲ್ಲ, ಓದಬೇಕಿಲ್ಲ. ಫೋನ್ ಕರೆಯ ಮೂಲಕ ಧ್ವನಿಯಲ್ಲಿ ಸಲಹೆ. ಮೊದಲ ಹಂತಕ್ಕೆ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ 30,000 ಬೆಳೆಗಾರರನ್ನು ಆರಿಸಿಕೊಂಡರು. ಗುಂಡಿ ಒತ್ತುವ ಹಳೇ ಫೋನಿಗೂ ಅದು ಮುಟ್ಟುತ್ತದೆ, ಡೇಟಾ ಸಿಗದೆ ಮಾತಿಗೆ ಮಾತ್ರ ಸಿಗ್ನಲ್ ಸಿಗುವ ಮನೆಗೂ ಮುಟ್ಟುತ್ತದೆ. ಸಿಬ್ಬಂದಿಗೆ ಒಂದು ಸಾಧನ, ರೈತನಿಗೆ ಇನ್ನೊಂದು ಎಂದು ಬೇರೆ ಮಾಡಿದ ಆ ಯೋಚನೆ ನನಗೆ ಬಹಳ ಹಿಡಿಸುತ್ತದೆ. ಒಟಿಪಿ ಬಂದು, ಸಿಗ್ನಲ್ ಹುಡುಕಿ ಗುಡ್ಡ ಹತ್ತುವಷ್ಟರಲ್ಲಿ ಅದರ ಅವಧಿ ಮುಗಿಯುವ ಊರಿನಲ್ಲಿ ಇದು ಸಣ್ಣ ವಿವೇಕವಲ್ಲ.

ಸಂಪರ್ಕ ಸುಧಾರಿಸುವುದಿಲ್ಲವೇ? ಸುಧಾರಿಸುತ್ತಿದೆ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ದೇಶದ 24,680 ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ಆದರೆ ಟವರ್ ನಿಂತ ಮೇಲೂ ಮರ ಬಿದ್ದು ತಂತಿ ಕಡಿಯುತ್ತದೆ, ಬ್ಯಾಟರಿ ಮುಗಿಯುತ್ತದೆ, ಕಣಿವೆಯ ಆಚೆ ಬದಿಗೆ ಅಲೆ ಮುಟ್ಟುವುದಿಲ್ಲ. ಟವರ್ ಬರಲಿ ಎಂದು ಹೋರಾಡುವುದಕ್ಕೂ, ಟವರ್ ಹೋದಾಗ ನಿಲ್ಲದ ಆ್ಯಪ್ ಕಟ್ಟುವುದಕ್ಕೂ ವಿರೋಧವಿಲ್ಲ. ಎರಡೂ ಬೇಕು.

ಇನ್ನು, ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು? ಇಲ್ಲಿ ನನಗೆ ಕೊಪ್ಪದ ‘ಸಹಕಾರ ಸಾರಿಗೆ’ ನೆನಪಾಗುತ್ತದೆ. ಶಂಕರ್ ಬಸ್ ಕಂಪನಿ ನಿಂತಾಗ ಕೆಲಸ ಕಳೆದುಕೊಂಡ ಕಾರ್ಮಿಕರು 1991ರಲ್ಲಿ ತಾವೇ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಎಪ್ಪತ್ತರ ಆಸುಪಾಸು ಬಸ್ಸುಗಳವರೆಗೆ ಬೆಳೆದು ಮಲೆನಾಡಿನ ಮೂಲೆಮೂಲೆಗೆ ಹೋದ ಆ ಸಾರಿಗೆ ನಷ್ಟದ ಹೊರೆ ತಾಳಲಾರದೆ 2020ರ ಫೆಬ್ರುವರಿಯಲ್ಲಿ ನಿಂತಿತು. ಸುಮಾರು ಮೂರು ದಶಕ ನಡೆದದ್ದು ಸಾಧಾರಣ ಸಂಗತಿಯಲ್ಲ. ಯಾವ ಹಳ್ಳಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ಮಳೆಗಾಲದಲ್ಲಿ ಯಾವ ಸೇತುವೆ ಮುಳುಗಿದರೆ ಯಾವ ಸುತ್ತು ದಾರಿ ಎಂಬುದು ಆ ಚಾಲಕ, ನಿರ್ವಾಹಕರಿಗೆ ತಿಳಿದಿತ್ತು. ಕೊಪ್ಪ, ಜಯಪುರ, ಹರಿಹರಪುರ, ಶೃಂಗೇರಿ, ಬಾಳೆಹೊನ್ನೂರು, ಎನ್.ಆರ್.ಪುರದ ನಿಲ್ದಾಣಗಳ ಸಮಯಗಳನ್ನೆಲ್ಲ ಸೇರಿಸಿದ, ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ಒಂದು ಪುಟ ಈಗಲೂ ಯಾರಾದರೂ ಮಾಡಲೇಬೇಕಾದ ಕೆಲಸ. ಕೋಡ್ ಬರೆಯಲು ಒಂದು ವಾರ ಸಾಕು. ಸಮಯ ಬದಲಾದಾಗಲೆಲ್ಲ ತಿದ್ದುವವರು ಬೇಕು, ಅದೇ ನಿಜವಾದ ಕೆಲಸ.

ಬಿಟ್ಟ ಆ್ಯಪ್ ಬೇಗ ಸಾಯುತ್ತದೆ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಿಗೆ ಹೊಂದಿಸದೆ ಬಿಟ್ಟ ಆ್ಯಪ್‌ಗಳನ್ನು ಗೂಗಲ್ ತನ್ನ ಅಂಗಡಿಯಲ್ಲಿ ಹೊಸ ಫೋನಿನವರಿಗೆ ತೋರಿಸುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ನೋಂದಣಿಗೆ ಒಮ್ಮೆ 25 ಡಾಲರ್, ಆಪಲ್‌ನಲ್ಲಿ ವರ್ಷ ವರ್ಷವೂ 99 ಡಾಲರ್. ಟೆಂಡರ್ ಕರೆದು, ಮಾಡಿಸಿ, ಉದ್ಘಾಟಿಸಿ, ಮರುವರ್ಷ ಮರೆಯುವ ಪದ್ಧತಿಯಲ್ಲಿ ಇದಕ್ಕೆ ಲೆಕ್ಕಶೀರ್ಷಿಕೆಯೇ ಇರುವುದಿಲ್ಲ. ಇಲ್ಲಿನ ಅಡಿಕೆ ಮಾರಾಟ ಸಂಘಗಳು, ಪತ್ತಿನ ಸಹಕಾರ ಸಂಘಗಳು, ಪಂಚಾಯಿತಿಗಳು ಸೇರಿ ಒಬ್ಬಿಬ್ಬರು ಸ್ಥಳೀಯ ಯುವಕ ಯುವತಿಯರಿಗೆ ವರ್ಷಪೂರ್ತಿ ಸಂಬಳ ಕೊಟ್ಟು ಇಂಥ ತಾಣಗಳನ್ನು ನೋಡಿಕೊಳ್ಳುವಂತೆ ಮಾಡಬಹುದು. ಬೆಂಗಳೂರಿನಿಂದ ಮನೆಗೆ ಮರಳಿ ಇಲ್ಲಿಂದಲೇ ಕೆಲಸ ಮಾಡುವ ತಂತ್ರಜ್ಞರು ಕೋವಿಡ್ ನಂತರ ನಮ್ಮ ಊರುಗಳಲ್ಲೂ ಇದ್ದಾರೆ.

ಮತ್ತೆ ಆ್ಯಪ್ ಮಾಡಲೇಬೇಕು ಅನ್ನುವ ಹೊಸಬರಿಗೆ ಗೂಗಲ್ ಈಗ ಇನ್ನೊಂದು ನಿಯಮ ಹಾಕಿದೆ. ವೈಯಕ್ತಿಕ ಹೊಸ ಖಾತೆಯವರು ಆ್ಯಪ್ ಪ್ರಕಟಿಸುವ ಮೊದಲು ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಆ 12 ಜನರನ್ನು ಕಾಲೇಜಿನ ಗೆಳೆಯರಿಂದ ಭರ್ತಿ ಮಾಡಬೇಡಿ. ಕಿಗ್ಗದಿಂದ ಒಬ್ಬರು, ಭದ್ರಾ ಹಿನ್ನೀರಿನ ಅಂಚಿನಿಂದ ಒಬ್ಬರು, ಅಕ್ಷರ ಸಣ್ಣದಾದರೆ ಓದಲಾಗದ ಅರವತ್ತು ದಾಟಿದವರಿಬ್ಬರು, ಅಡಿಕೆ ಕೊನೆ ಇಳಿಸುವ ಕೆಲಸಗಾರ ಒಬ್ಬ, ಪರದೆ ಒಡೆದ ಫೋನಿನವರು ಒಬ್ಬರು, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಮಹಿಳೆ ಒಬ್ಬರು ಇರಲಿ. ಆ 14 ದಿನಗಳನ್ನು ಜುಲೈ ತಿಂಗಳಲ್ಲೇ ಇಟ್ಟುಕೊಳ್ಳಿ.